ಓಗೊಡದ ಮೀನು

ಮೀನಕ್ಕನ ಹೆಸರು ಮೀನಾಕ್ಷಿ ಇರಬೇಕೆಂದು ಹೊಸಬರೆಲ್ಲ ತಿಳಿಯುತ್ತಾರೆ. ಒಮ್ಮೆ ಸನ್ಮಾನ ಪತ್ರದ ಮೇಲೂ ಹಾಗೆಯೇ ಅಚ್ಚಾಗಿ ಬಂದಿತ್ತು. ಅವರು ತಿದ್ದಿಸಲು ಹೋಗಲಿಲ್ಲ. ನಿಜವಾದ ಹೆಸರು ಬೇರೆಯೇ. ಮೀನಿನ ಕೆಲಸ ಮಾಡುವ ಅಕ್ಕ, ಅದಕ್ಕೆ ಮೀನಕ್ಕ. ಪಕ್ಕದ ಕೋಣೆಯಲ್ಲಿ ಇಲಿಯ ಕೆಲಸ ಮಾಡುವವರೊಬ್ಬರಿದ್ದಾರೆ. ಅವರನ್ನು ಇದೇ ಲೆಕ್ಕದಲ್ಲಿ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ನಮ್ಮ ಕೋಣೆಯ ಮೀನು ಕಿರುಬೆರಳಿನಷ್ಟು ಉದ್ದದ್ದು, ಮೈಮೇಲೆ ಪಟ್ಟೆ ಪಟ್ಟೆ. ಅದರ ಮರಿಗಳು ಗಾಜಿನಂತೆ ಪಾರದರ್ಶಕ. ಒಳಗೆ ಗುಂಡಿಗೆ ಬಡಿಯುವುದು ಹೊರಗಿನಿಂದಲೇ ಕಾಣುತ್ತದೆ. ಅದಕ್ಕೇ ಎಷ್ಟೋ ದೇಶಗಳ ಲ್ಯಾಬುಗಳಲ್ಲಿ ಇದನ್ನು ಸಾಕಿ, ಯಾವ ಜೀನು ಕೆಟ್ಟರೆ ಮೈಯಲ್ಲಿ ಏನು ಕೆಡುತ್ತದೆ ಎಂದು ನೋಡುತ್ತಾರೆ. ನೋಡಿದ್ದನ್ನು ಪೇಪರ್ ಬರೆದು ಪ್ರಕಟಿಸುತ್ತಾರೆ. ಆ ಪೇಪರುಗಳನ್ನೆಲ್ಲ ಓದಿ, ಒಂದೊಂದು ಜೀನಿಗೂ ಒಂದೊಂದು ಪುಟ ಮಾಡಿ, ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡುವಂತೆ ಇಡುವುದು ನಮ್ಮ ಕೆಲಸ. ಕೋಣೆಯಲ್ಲಿ ಒಂದು ಹನಿ ನೀರಿಲ್ಲ, ಒಂದು ಮೀನಿಲ್ಲ. ಕಂಪ್ಯೂಟರುಗಳು, ಗಾಲಿ ಸವೆದು ಒಂದು ಕಡೆಗೆ ವಾಲುವ ಕುರ್ಚಿಗಳು, ಕಿಟಕಿಯ ಪಕ್ಕ ಒಂದು ಕೆಟ್ಟ ಪ್ರಿಂಟರ್, ಅಷ್ಟೇ. ಮೀನಕ್ಕನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಬಂದು, ಮೇಜಿನ ಕೆಳಗೆಲ್ಲ ಹುಡುಕಿ, "ಅಮ್ಮ ಸುಳ್ಳು ಹೇಳ್ತಾಳೆ, ಇಲ್ಲಿ ಮೀನೇ ಇಲ್ಲ" ಎಂದು ಅತ್ತಿದ್ದಳಂತೆ.

ನನಗೆ ಕೆಲಸ ಕಲಿಸಿದ್ದು ಮೀನಕ್ಕನೇ. ಪುಟದಲ್ಲಿ ಬರೆಯುವ ಪ್ರತಿ ಮಾತಿನ ಮುಂದೆಯೂ ಅದು ಹೇಗೆ ಗೊತ್ತಾಯಿತು ಎಂಬ ಗುರುತು ಹಾಕಬೇಕು. ಅದಕ್ಕೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿವೆ. ನಮ್ಮ ಕೋಣೆಯಲ್ಲಿ ಅವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಪ್ರಯೋಗ ಮಾಡಿ ತೋರಿಸಿದ್ದಾದರೆ ಅದು 'ಕಂಡದ್ದು'. ಬರೆದವರು ಬರೀ ಮಾತಿನಲ್ಲಿ ಹೇಳಿದ್ದಾದರೆ 'ಕೇಳಿದ್ದು'. ಇಲಿಯಲ್ಲಿ ಹೀಗಿದೆ, ಆದ್ದರಿಂದ ಮೀನಿನಲ್ಲೂ ಹೀಗಿರಬಹುದು ಎಂದರೆ 'ಹೋಲಿಕೆ'. ಈ ಹೆಸರುಗಳನ್ನು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ, ಮೀನಕ್ಕನೇ ಇರಬೇಕು.

"ಈ ಜೀನು ಕಣ್ಣಿಗೆ ಬೇಕು ಅಂತ ಬರ್ದಿದ್ದೀಯಲ್ಲ, ಯಾರು ಹೇಳಿದ್ರು?" ಎಂದು ಮೊದಲ ವಾರ ಕೇಳಿದ್ದರು.

"ಪೇಪರಲ್ಲೇ ಇದೆ ಅಕ್ಕ. ಕೊನೇ ಪುಟದಲ್ಲಿ."

"ಕೊನೇ ಪುಟದಲ್ಲಿ ಎಲ್ರೂ ಸ್ವರ್ಗಕ್ಕೆ ಹೋಗ್ತಾರೆ. ಪ್ರಯೋಗ ಎಲ್ಲಿದೆ ತೋರಿಸು."

ಪ್ರಯೋಗ ಇರಲಿಲ್ಲ. ನಾನು ಗುರುತನ್ನು 'ಕೇಳಿದ್ದು' ಎಂದು ಬದಲಾಯಿಸಿದೆ. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಸಲುಗೆ ಬೆಳೆಯಿತು. ಅವರ ಗಂಡ ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸದವರು, ಮೌನಿ. "ಊರಿನೋರ ಬಾಯಿಗೆಲ್ಲ ಹಲ್ಲು ಕೊಡ್ತಾರೆ, ತಮ್ಮ ಬಾಯಿ ಮಾತ್ರ ಬಿಚ್ಚಲ್ಲ" ಎಂದು ಮೀನಕ್ಕ ನಗುತ್ತಿದ್ದರು. ಅವರು ಇರುವ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿ ಮೀನಕ್ಕನ ತಂಗಿ ಇದ್ದಾಳೆ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಅಕ್ಕನ ಮಾತಿನಲ್ಲಿ ದಿನಕ್ಕೊಮ್ಮೆಯಾದರೂ ಈ ತಂಗಿ ಬಂದೇ ಬರುತ್ತಿದ್ದಳು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿಯೊಬ್ಬಳೂ ಬರುತ್ತಿದ್ದಳು. ಅವಳೂ ಮೀನಕ್ಕನೂ ಒಬ್ಬರನ್ನೊಬ್ಬರು 'ಪಾರ್ಟ್ನರ್' ಎಂದು ಕರೆಯುತ್ತಿದ್ದರಂತೆ. ಒಂದೇ ಲ್ಯಾಬು, ಒಂದೇ ಗೈಡು, ಒಂದೇ ಕೊಡೆ. ಆ ಗೆಳತಿ ಈಗ ದೊಡ್ಡ ಸಂಸ್ಥೆಯೊಂದರಲ್ಲಿ ಸ್ವಂತ ಲ್ಯಾಬು ಇಟ್ಟುಕೊಂಡಿದ್ದಾಳೆ ಎಂದು ಹೇಳುವಾಗ ಮೀನಕ್ಕನ ದನಿಯಲ್ಲಿ ಒಂದಿಷ್ಟೂ ಹೊಟ್ಟೆಕಿಚ್ಚು ಇರುತ್ತಿರಲಿಲ್ಲ. ಒಡಹುಟ್ಟಿದವಳ ಸುದ್ದಿ ಹೇಳುವಂತೆ ಹೇಳುತ್ತಿದ್ದರು.

ಹೊಸ ಪೇಪರುಗಳನ್ನು ನಾವು ವಾರದ ಮೊದಲ ದಿನ ಹಂಚಿಕೊಳ್ಳುತ್ತೇವೆ. ಕಿವಿಗೆ ಸಂಬಂಧಪಟ್ಟ ಜೀನುಗಳೆಲ್ಲ ಮೀನಕ್ಕನ ಪಾಲು. ಆ ದಿನ ಅವರು ಮೊದಲ ಪೇಪರ್ ತೆರೆದು ಮೊದಲ ಪುಟದಿಂದ ಮುಂದೆ ಹೋಗಿರಲಿಲ್ಲ. ಟೀ ಆರಿ ಕೆನೆ ಕಟ್ಟಿತ್ತು.

"ಇಲ್ಲಿ ಬಾ" ಎಂದರು. "ಇದನ್ನ ಓದು. ಜೋರಾಗಿ ಓದು."

ಲೋಟವನ್ನೋ ತಟ್ಟೆಯನ್ನೋ ಬಡಿದರೆ ಬೆಚ್ಚದ ಮೀನು ಮರಿಗಳ ಬಗ್ಗೆ ಪೇಪರ್. ಹೊಸ ಜೀನು. ಅದಕ್ಕೆ ಬರೆದವರು ಇಟ್ಟ ಹೆಸರು ಇಂಗ್ಲಿಷ್ ಲಿಪಿಯಲ್ಲಿತ್ತು. ಓದಿದೆ: ಓಗೊಡ. ಮತ್ತೊಮ್ಮೆ ಓದಿದೆ. ಜೀನುಗಳಿಗೆ ಇಂಗ್ಲಿಷು, ಜರ್ಮನ್, ಜಪಾನಿ ಹೆಸರುಗಳಿರುವುದು ಕಂಡಿದ್ದೇನೆ. ನಮ್ಮ ಮಾತು ಇದೇ ಮೊದಲು. ನನಗೆ ಖುಷಿಯಾಗಿ ನಗು ಬಂತು.

"ಅಕ್ಕ, ಇದು ನಮ್ಮ ಮಾತು."

"ಹೂಂ, ನಮ್ಮ ಮಾತು. ಅಡಿಟಿಪ್ಪಣಿ ಓದು."

ಅಡಿಟಿಪ್ಪಣಿಯಲ್ಲಿ ಹೀಗಿತ್ತು: ಈ ಹೆಸರು ಮೊದಲ ಲೇಖಕಿಯ ತಾಯ್ನುಡಿಯದು, 'ಕಿವುಡು' ಎಂದು ಅರ್ಥ, ಬಾಲ್ಯದಲ್ಲಿ ಲೇಖಕಿಯ ತಂಗಿಯನ್ನು ಅಜ್ಜಿ ಹೀಗೆ ಕರೆಯುತ್ತಿದ್ದರು.

"ಓಗೊಡೋದು ಅಂದ್ರೆ ಏನು?" ಎಂದು ಮೀನಕ್ಕ ಕೇಳಿದರು, ಪರೀಕ್ಷೆ ಮಾಡುವವರಂತೆ.

"ಕೂಗಿದ್ರೆ 'ಓ' ಅನ್ನೋದು. ನಮ್ಮ ಅಜ್ಜಿ ಬಯ್ಯೋದು ಹಂಗೇನೇ, ಎಷ್ಟು ಕರೆದ್ರೂ ಓಗೊಡಲ್ಲ ಅಂತ. ಅದು ಕಿವುಡಲ್ಲ ಅಕ್ಕ. ಕೇಳಿಸಿದ್ರೂ ಮಾತಾಡದೆ ಇರೋದು."

"ಹಂಗಾದ್ರೆ ಸರಿ. ನಂಗೆ ಮಾತ್ರ ಹಂಗನ್ಸಿದ್ದೇನೋ ಅಂದ್ಕೊಂಡೆ." ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು ಹೇಳಿದರು: "ಇವಳಿಗೆ ತಂಗಿ ಇಲ್ಲ ಕಣೆ. ಇಬ್ರು ಅಣ್ಣಂದಿರು ಅಷ್ಟೇ."

ಆಗ ನಾನು ಲೇಖಕಿಯ ಹೆಸರು ನೋಡಿದೆ. ಅದು ಹಾಸ್ಟೆಲಿನ ಗೆಳತಿ ಪಾರ್ಟ್ನರದ್ದು.

ಹಳೆಯ ಕತೆಯನ್ನು ಮೀನಕ್ಕ ಆ ಮಧ್ಯಾಹ್ನ ತುಂಡು ತುಂಡಾಗಿ ಹೇಳಿದರು. ಆಗ ಅವರು ಡಾಕ್ಟರೇಟಿಗೆ ಓದುತ್ತಿದ್ದರು. ಲ್ಯಾಬಿನ ಒಂದು ಕೋಣೆಯ ತುಂಬ ಮೀನಿನ ಟ್ಯಾಂಕುಗಳು. ಒಳಗೆ ಹೋದರೆ ಕನ್ನಡಕಕ್ಕೆ ಆವಿ ಕವಿಯುವಷ್ಟು ಸೆಕೆ, ಪಂಪುಗಳ ಗುಂಯ್ ಸದ್ದು. ಮರಿಗಳಿದ್ದ ಗಾಜಿನ ತಟ್ಟೆಯನ್ನು ಪೆನ್ಸಿಲಿನಿಂದ ತಟ್ಟುವುದು ಅವರ ಕೆಲಸ. ತಟ್ಟಿದರೆ ಮರಿಗಳೆಲ್ಲ ಬಾಲ ಬಾಗಿಸಿ ಸರಕ್ಕನೆ ಓಡುತ್ತವೆ. ಒಂದು ಗುಂಪಿನ ಮರಿಗಳು ಓಡಲಿಲ್ಲ. ಕಿವುಡು ಎಂದು ಬರೆದು ಬಿಟ್ಟುಬಿಡಬಹುದಿತ್ತು, ಕಿವುಡು ಮೀನುಗಳು ಆಗಲೇ ಬೇಕಾದಷ್ಟು ಇದ್ದವು. ಮೀನಕ್ಕ ಆ ಮರಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮತ್ತೆ ತಟ್ಟಿದರು. ತಟ್ಟಿದ ಕೂಡಲೇ ಗುಂಡಿಗೆ ಒಂದು ಕ್ಷಣ ನಿಂತು ಮತ್ತೆ ಬಡಿಯಿತು. ಮೈ ಅಲ್ಲಾಡಲಿಲ್ಲ. ಮತ್ತೆ ತಟ್ಟಿದರು, ಮತ್ತೆ ಹಾಗೆಯೇ.

"ಗುಂಡಿಗೆಗೆ ಕೇಳಿಸ್ತಿತ್ತು ಕಣೆ, ಬಾಲಕ್ಕೆ ಹೋಗ್ತಿರ್ಲಿಲ್ಲ. ನೋಡಿದ ತಕ್ಷಣ ನಂಗೆ ತಂಗಿ ನೆನಪಾದ್ಲು. ಕೆಟ್ಟ ಗಡಿಯಾರಾನೋ ಬೀಗಾನೋ ತೊಡೆ ಮೇಲಿಟ್ಕೊಂಡು ಕೂತ್ರೆ ಅಜ್ಜಿ ಮನೆ ಹಾರಿಹೋಗೋ ಹಂಗೆ ಕೂಗಿದ್ರೂ ತಲೆ ಎತ್ತುತಿರ್ಲಿಲ್ಲ. ಆಮೇಲೆ ಅಜ್ಜಿ ಬೈದಿದ್ದೆಲ್ಲ ಒಂದಕ್ಷರ ಬಿಡದೆ ಒಪ್ಪಿಸ್ತಿದ್ಲು. ಅಜ್ಜಿ ಅವಳನ್ನ ಓಗೊಡದವಳು ಅಂತಿದ್ರು. ನಾನು ಟ್ಯಾಂಕಿಗೆ ಚೀಟಿ ಅಂಟಿಸ್ದೆ, ಓಗೊಡ ಅಂತ. ಅದ್ರ ಪಕ್ಕ ನಿಂತು ಇದೇನು ಬರ್ದಿದ್ದೀಯ ಅಂತ ಕೇಳಿದ್ದು ಪಾರ್ಟ್ನರ್. ಅವಳು ಬೆಳೆದಿದ್ದು ಸಿಟೀಲಿ, ಅವರ ಮನೇಲಿ ಈ ಮಾತೇ ಇರ್ಲಿಲ್ಲ. ಕತೆ ಪೂರ್ತಿ ಹೇಳ್ದೆ. ಅವಳು ಅರ್ಧ ಕೇಳಿಸ್ಕೊಂಡಿದ್ದಾಳೆ."

ಆ ತಳಿಯನ್ನೇ ನಂಬಿ ಮೀನಕ್ಕನ ಇಡೀ ಪ್ರಬಂಧ ನಿಂತಿತ್ತು. ಅಷ್ಟರಲ್ಲಿ ಬಸುರಾದರು. ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದರು. "ನೀನು ನಿನ್ನ ಮಗು ನೋಡ್ಕೊ, ನಿನ್ನ ಮೀನು ನಾನು ನೋಡ್ಕೊತೀನಿ" ಎಂದಳು ಪಾರ್ಟ್ನರ್. ಮಗಳು ಹುಟ್ಟಿದ ಮೇಲೆ ಒಂದು ದಿನ ಫೋನು ಬಂತು. ಪಂಪು ನಿಂತುಹೋಗಿ ಆ ಸಾಲಿನ ಟ್ಯಾಂಕಿನ ಮೀನೆಲ್ಲ ಸತ್ತವು, ಓಗೊಡ ಕೂಡ ಹೋಯಿತು, ಒಂದೂ ಉಳಿಯಲಿಲ್ಲ. ಪಾರ್ಟ್ನರ್ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಹಸಿ ಬಾಣಂತಿ ಮೀನಕ್ಕನೇ ಅವಳಿಗೆ ಸಮಾಧಾನ ಹೇಳಿದರು, ನಿನ್ನ ತಪ್ಪೇನಿದೆ, ಅಳಬೇಡ ಎಂದು. ತಳಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಸಾಕಿಕೊಂಡು ಬರಬೇಕಾದದ್ದು; ಸತ್ತರೆ ಸತ್ತಂತೆಯೇ. ಮೀನಕ್ಕ ಡಾಕ್ಟರೇಟ್ ಅಲ್ಲಿಗೇ ಬಿಟ್ಟು, ಮಗಳು ನಡೆಯುವ ಹೊತ್ತಿಗೆ ನಮ್ಮ ಕಚೇರಿ ಸೇರಿದರು.

ಈಗ ಆ ಸತ್ತ ಮೀನು ತೆರೆಯ ಮೇಲೆ ಬಣ್ಣದ ಚಿತ್ರವಾಗಿ ಈಜುತ್ತಿತ್ತು.

"ಬೇರೆ ಮೀನಿರ್ಬಹುದು ಅಕ್ಕ. ಅದೇ ಜೀನು ಮತ್ತೆ ಸಿಕ್ಕಿರ್ಬಹುದು" ಎಂದೆ. ಅವರ ಮುಖ ನೋಡಿ ಏನಾದರೂ ಹೇಳಬೇಕಿತ್ತು.

"ಮೀನು ಮತ್ತೆ ಸಿಗುತ್ತೆ. ನನ್ನ ಅಜ್ಜಿ ಮತ್ತೆ ಸಿಗ್ತಾರಾ?"

ಮೀನಕ್ಕ ಬಯಸಿದ್ದು ದೊಡ್ಡದೇನಲ್ಲ. ಪ್ರತಿ ತಳಿಯ ಪುಟದಲ್ಲೂ ಅದನ್ನು ಮೊದಲು ಗುರುತಿಸಿದವರು ಯಾರು ಎಂಬ ಒಂದು ಜಾಗವಿದೆ, ಹೆಸರಿನ ಹಿನ್ನೆಲೆಗೆ ಇನ್ನೊಂದು ಜಾಗವಿದೆ. ಪೇಪರಿನಲ್ಲಿ ಇದ್ದದ್ದನ್ನು ಅಲ್ಲಿ ಬರೆಯಬಹುದು. ಇಲ್ಲವೇ ಪೇಪರಿನ ಲೇಖಕರು ತಾವೇ ಕಚೇರಿಗೆ ಬರೆದು ತಿಳಿಸಿದ್ದನ್ನು ಬರೆಯಬಹುದು. ನಮ್ಮಲ್ಲಿ ಯಾರೂ ತಮಗೆ ಗೊತ್ತು ಎಂಬ ಕಾರಣಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ.

"ಪೇಪರ್ ವಾಪಸ್ ತಗೋ ಅನ್ನಲ್ಲ. ಗಲಾಟೆನೂ ಬೇಡ" ಎಂದರು. "ಅವಳು ಒಂದು ಸಾಲು ಬರೆದು ಕಳಿಸ್ಲಿ. ಈ ಮೀನನ್ನ ಮೊದಲು ಕಂಡೋಳು, ಹೆಸರಿಟ್ಟೋಳು ಇಂಥೋಳು ಅಂತ. ಅಷ್ಟು ಸಾಕು ನಂಗೆ."

ಅದೇ ತಿಂಗಳು ನಮ್ಮ ಡೇಟಾಬೇಸ್ ಬಳಸುವವರ ವಾರ್ಷಿಕ ಸಭೆಯಿತ್ತು. ಪಾರ್ಟ್ನರ್ ಭಾಷಣ ಮಾಡಲು ಬಂದರು. "ನೀನೂ ಬಾ. ಒಬ್ಳೇ ಹೋದ್ರೆ ನಾನು ಅವಳಿಗೇ ಸಮಾಧಾನ ಹೇಳಿ ಬಂದುಬಿಡ್ತೀನಿ" ಎಂದು ಮೀನಕ್ಕ ನನ್ನನ್ನು ಕರೆದುಕೊಂಡು ಹೋದರು.

ಸಭಾಂಗಣದ ಹೊರಗೆ, ಟೀ ಇಟ್ಟಿದ್ದ ಉದ್ದ ಮೇಜಿನ ಹತ್ತಿರ ಪಾರ್ಟ್ನರ್ ಸಿಕ್ಕರು. ಎತ್ತರದ ಹೆಂಗಸು, ನಗುಮುಖ. ಮೀನಕ್ಕನನ್ನು ಕಂಡದ್ದೇ ಲೋಟ ಕೆಳಗಿಟ್ಟು ತಬ್ಬಿಕೊಂಡರು.

"ಪಾರ್ಟ್ನರ್, ಎಷ್ಟು ಸಣ್ಣಗಾಗಿದ್ದೀಯೆ. ಹಲ್ಲಿನ ಡಾಕ್ಟ್ರು ಊಟ ಹಾಕ್ತಿಲ್ವಾ?"

"ಡಾಕ್ಟ್ರಲ್ಲ ಅವ್ರು, ಸೆಟ್ಟು ಮಾಡೋರು. ಯಾವಾಗ್ಲೂ ತಪ್ಪು ಹೇಳ್ತೀಯ."

"ಬಿಡು, ಹಲ್ಲು ಹಲ್ಲೇ."

"ನಿನ್ನ ಪೇಪರ್ ಓದ್ದೆ" ಎಂದರು ಮೀನಕ್ಕ.

ಪಾರ್ಟ್ನರ್ ಮುಖದ ನಗು ಹೋಗಲಿಲ್ಲ, ನಿಂತಲ್ಲೇ ನಿಂತಿತು. ನನ್ನ ಕಡೆ ನೋಡಿದರು. "ಇವಳು ನಮ್ಮೋಳೇ, ಹೇಳು" ಎಂದರು ಮೀನಕ್ಕ.

"ಹೇಳೋಣ ಅಂತಾನೇ ಇದ್ದೆ ಕಣೆ."

"ಯಾವಾಗ? ಮೀನು ಸತ್ತೋಯ್ತು ಅಂತ ಹೇಳೋಕೆ ಅವತ್ತೇ ಫೋನ್ ಮಾಡಿದ್ದೆ."

"ಅವತ್ತು ಎಲ್ಲಾ ಸತ್ತೋಗಿತ್ತು ಅಂತಾನೇ ಅಂದ್ಕೊಂಡಿದ್ದು. ದೇವರಾಣೆ. ಆಮೇಲೆ ಮೂಲೇಲಿ ಒಂದು ಸಣ್ಣ ಟ್ಯಾಂಕಲ್ಲಿ ಉಳಿದಿದ್ವು. ನಿಂಗೆ ಹೇಳಿದ್ರೆ ನೀನು ಆ ಎಳೇ ಮಗು ಎತ್ಕೊಂಡು ಓಡಿಬರ್ತಿದ್ದೆ. ಬೇಡ ಅನ್ನಿಸ್ತು. ಆಮೇಲೆ ನೀನು ಕೆಲಸಕ್ಕೆ ಸೇರ್ದೆ. ಇಷ್ಟು ವರ್ಷ ಆ ಮೀನು ಸಾಕಿದ್ದು ಯಾರು ಹೇಳು. ಹಬ್ಬ ಇಲ್ಲ, ರಜ ಇಲ್ಲ. ನಾನು ಜ್ವರ ಬಂದ್ರೂ ಹೋಗಿ ಮೇವು ಹಾಕಿದ್ದೀನಿ."

ಅದು ಸುಳ್ಳಿರಲಾರದು. ತಳಿ ಉಳಿಸುವ ಕಷ್ಟ ಮೀನಕ್ಕನಿಗೂ ಗೊತ್ತು. ಅವರು ತಲೆಯಾಡಿಸಿದರು.

"ಸಾಕಿದ್ದೀಯ. ಸಾಕಿದ್ದಕ್ಕೆ ನಿನ್ನ ಹೆಸರು ಮೊದಲು ಇರ್ಲಿ, ನಂಗೇನೂ ಬೇಜಾರಿಲ್ಲ. ಗುಂಡಿಗೆ ನೋಡಿದ್ಯಾ ಆಮೇಲೆ?"

"ಯಾವ ಗುಂಡಿಗೆ?"

ಮೀನಕ್ಕ ಟೀ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆ ಪ್ರಶ್ನೆಯ ಅರ್ಥ ಪಾರ್ಟ್ನರಿಗೆ ನಿಜವಾಗಿಯೂ ಹೊಳೆದಿರಲಿಲ್ಲ ಎಂದು ನನಗೂ ಕಾಣಿಸಿತು.

"ತಂಗಿ ಅಂತ ಯಾಕೆ ಬರ್ದೆ?" ಎಂದು ಮೀನಕ್ಕ ಕೇಳಿದರು.

"ಹೆಸರಿಗೆ ಏನಾದ್ರೂ ಕಾರಣ ಕೊಡಿ ಅಂದ್ರು ಪತ್ರಿಕೆಯೋರು. ನೀನು ಹೇಳಿದ್ದೇ ನೆನಪಾಯ್ತು. ನಮ್ಮಿಬ್ರಲ್ಲಿ ನಿಂದು ನಂದು ಅಂತ ಏನಿತ್ತೆ? ನಿನ್ನ ತಂಗಿ ನಂಗೂ ತಂಗಿ ಅಲ್ವಾ?"

"ಅವಳ ಹೆಸರು ಹೇಳು."

ಪಾರ್ಟ್ನರ್ ಬಾಯಿ ತೆರೆದು ಮುಚ್ಚಿದರು. ಅಷ್ಟರಲ್ಲಿ ಯಾರೋ ಅವರನ್ನು ಫೋಟೋಗೆ ಕರೆದರು. ಹೋಗುವ ಮೊದಲು ಮೀನಕ್ಕನ ಎರಡೂ ಕೈ ಹಿಡಿದುಕೊಂಡರು. "ಬರ್ದು ಕಳಿಸ್ತೀನಿ ಕಣೆ. ನೀನು ಹೆಂಗೆ ಹೇಳ್ತೀಯೋ ಹಂಗೆ. ಈ ವಾರಾನೇ. ನಿನ್ನಾಣೆ."

ಹಿಂದಕ್ಕೆ ಬರುವಾಗ ಮೆಟ್ಟಿಲಲ್ಲಿ ಮೀನಕ್ಕ ಹಗುರಾಗಿದ್ದರು. "ಪಾಪ, ನಾಚ್ಕೆ ಆಗಿದೆ ಅವಳಿಗೆ. ಬರೀತಾಳೆ ಬಿಡು" ಎಂದರು. ಅವರು ತಮಗೇ ಸಮಾಧಾನ ಹೇಳಿಕೊಳ್ಳುತ್ತಿದ್ದಾರೆ ಎಂದು ನನಗೆ ಆಗ ತೋಚಲಿಲ್ಲ. ನಾನೂ ನಂಬಿದೆ.

ಆ ವಾರ ಸಾಲು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಮೀನಕ್ಕ ಕಚೇರಿಯ ಇಮೇಲ್ ಪೆಟ್ಟಿಗೆಯನ್ನು ಬೆಳಿಗ್ಗೆ ಬಂದ ಕೂಡಲೇ ತೆರೆಯುವುದು, ಊಟಕ್ಕೆ ಹೋಗುವಾಗ ಇನ್ನೊಮ್ಮೆ ತೆರೆಯುವುದು ನನಗೆ ಕಾಣುತ್ತಿತ್ತು. ನಡುವೆ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ತಂಗಿಯೂ ಮೇಲೆ ಬಂದಿದ್ದಳು, ಬೆರಳಿಗೆಲ್ಲ ಎಣ್ಣೆಯ ಮಸಿ. ವಿಷಯ ಆಗಲೇ ಅವಳ ಕಿವಿಗೆ ಬಿದ್ದಿತ್ತು.

"ನಾನು ಅವಳ ತಂಗಿ ಯಾವಾಗ ಆದೆ?" ಎಂದಳು ನನ್ನ ಕಡೆ ತಿರುಗಿ. "ಅಕ್ಕನ ಮದುವೇಲಿ ಒಂದ್ಸಲ ಬಂದಿದ್ಲು. ನನ್ನನ್ನ ಅಡುಗೆಯೋರ ಕಡೆಯೋಳು ಅಂದ್ಕೊಂಡು ಇನ್ನೊಂದ್ಲೋಟ ನೀರು ಕೊಡಮ್ಮಾ ಅಂದ್ಲು. ಕೊಟ್ಟೆ. ಈಗ ನನ್ನನ್ನೂ ಎತ್ಕೊಂಡು ಹೋಗಿ, ಕಿವುಡಿನೂ ಮಾಡಿದ್ದಾಳೆ."

"ಸುಮ್ನಿರೆ" ಎಂದರು ಮೀನಕ್ಕ.

"ಸುಮ್ನಿದ್ದಿದ್ದಕ್ಕೇ ಇಷ್ಟಾಗಿದ್ದು. ಫೋನ್ ಕೊಡು, ನಾನು ಮಾತಾಡ್ತೀನಿ. ಅಜ್ಜಿಯಿಂದ ನಂಗೆ ಬಳುವಳಿ ಬಂದಿದ್ದು ಒಂದೇ, ಬಯ್ಗುಳ. ಅದನ್ನೂ ಬಿಡಲ್ಲ ಅಂದ್ರೆ ಹೆಂಗೆ?"

ಮೀನಕ್ಕನ ಗಂಡ ಕೂಡ ನಕ್ಕರು. ಮೀನಕ್ಕ ನಗಲಿಲ್ಲ. "ಅವಳು ಬರೀತೀನಿ ಅಂದಿದ್ದಾಳೆ" ಎಂದಷ್ಟೇ ಹೇಳಿ ಒಳಗೆ ಹೋದರು.

ನಮ್ಮ ಮುಖ್ಯಸ್ಥರಿಗೆ ಕಚೇರಿಯಲ್ಲಿ ಪೂರ್ಣವಿರಾಮ ಎಂದು ಹೆಸರು. ಅವರು ಮಾತಾಡಿದ ಮೇಲೆ ಇನ್ನೊಬ್ಬರು ಮುಂದುವರಿಸಲು ಏನೂ ಉಳಿದಿರುವುದಿಲ್ಲ. ಮನುಷ್ಯ ಒಳ್ಳೆಯವರೇ. ಆ ಸೋಮವಾರ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು.

"ಓಗೊಡ ಪೇಪರಿನ ಲೇಖಕಿಯಿಂದ ಪತ್ರ ಬಂದಿದೆ" ಎಂದರು.

ಮೀನಕ್ಕನ ಮುಖ ಅರಳಿತು. ನಾನು ಕಂಡೆ. "ಬರ್ದಿದ್ದಾಳಾ ಸಾರ್?"

"ನಿಮ್ಮ ಬಗ್ಗೆ ಬರ್ದಿದ್ದಾರೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಸಿಬ್ಬಂದಿಯೊಬ್ಬರಿಗೆ ಈ ಕೆಲಸದ ಬಗ್ಗೆ ಹಳೇ ವೈಯಕ್ತಿಕ ಅಸಮಾಧಾನ ಇದೆ, ಸಭೆಗೆ ಬಂದಾಗ ನನ್ನ ಮೇಲೆ ಒತ್ತಡ ಹಾಕಿದ್ರು, ದಯವಿಟ್ಟು ನನ್ನ ಪೇಪರನ್ನ ಬೇರೆಯವರಿಗೆ ಕೊಡಿ ಅಂತ."

ಕಿಟಕಿಯ ಹೊರಗೆ ಯಾರೋ ಗಾಡಿ ಚಾಲೂ ಮಾಡಲು ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ. ನಾನೇ ಶುರುಮಾಡಿದೆ, ನಾನೂ ಅಲ್ಲೇ ಇದ್ದೆ, ಒತ್ತಡ ಏನೂ ಇರಲಿಲ್ಲ, ಅವರೇ ಆಣೆ ಮಾಡಿ ಹೋದರು ಎಂದು. ಪೂರ್ಣವಿರಾಮ ಕೈ ಎತ್ತಿ ತಡೆದರು.

"ನಂಗೆ ಇವರ ಮೇಲೆ ಅನುಮಾನ ಇಲ್ಲ. ಆದ್ರೆ ಸ್ವಂತದ ಸಂಬಂಧ ಇರೋ ಪೇಪರ್ ಮುಟ್ಟಬಾರ್ದು ಅನ್ನೋದು ನಮ್ಮ ನಿಯಮ. ಅದರ ಪ್ರಕಾರ ಅವರು ಕೇಳಿರೋದು ಸರಿ. ಮೇಡಂ, ನೀವೇ ಹೇಳಿ, ನಿಮ್ಮ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನೀವೇನು ಮಾಡ್ತಿದ್ರಿ?"

"ಬೇರೆಯವರಿಗೆ ಕೊಡ್ತಿದ್ದೆ ಸಾರ್" ಎಂದರು ಮೀನಕ್ಕ.

ಪೇಪರ್ ನನಗೆ ಬಂತು.

ಹೊರಗೆ ಬಂದು ಮೀನಕ್ಕ ತಮ್ಮ ಕುರ್ಚಿಯಲ್ಲಿ ಕೂತು ಒಂದೇ ಮಾತು ಹೇಳಿದರು: "ನನ್ನ ಕೈ ಹಿಡ್ಕೊಂಡಾಗ್ಲೇ ಈ ಪತ್ರ ಅವಳ ತಲೇಲಿತ್ತಾ, ಆಮೇಲೆ ಬಂತಾ, ಅದೊಂದು ಗೊತ್ತಾಗ್ಬೇಕಿತ್ತು ನಂಗೆ."

ಪುಟ ಬರೆಯುವಾಗ ಅವರನ್ನು ನಾನು ಏನೂ ಕೇಳಲಿಲ್ಲ, ಅವರೂ ನನ್ನ ತೆರೆಯ ಕಡೆ ತಿರುಗಲಿಲ್ಲ. ಹೇಳಿಕೊಟ್ಟ ಹಾಗೆಯೇ ಬರೆದೆ. ಪೇಪರಿನ ತಲೆಬರಹದಲ್ಲಿ ಈ ಜೀನು ಶ್ರವಣಕ್ಕೆ ಬೇಕು ಎಂದಿತ್ತು. ಒಳಗಿದ್ದ ಪ್ರಯೋಗ ಒಂದೇ, ತಟ್ಟಿದರೆ ಮರಿ ಓಡುವುದಿಲ್ಲ. ಹಾಗಾಗಿ 'ತಟ್ಟಿದರೆ ಪ್ರತಿಕ್ರಿಯೆ ಇಲ್ಲ' ಎಂಬುದಕ್ಕೆ ಕಂಡದ್ದು ಎಂದು ಹಾಕಿದೆ, ಶ್ರವಣಕ್ಕೆ ಕೇಳಿದ್ದು ಎಂದು ಹಾಕಿದೆ. ಹೆಸರಿನ ಹಿನ್ನೆಲೆಯಲ್ಲಿ ಪ್ರಕಟವಾದದ್ದನ್ನು ಪ್ರಕಟವಾದಂತೆಯೇ ಬರೆಯಬೇಕಾಯಿತು: ಲೇಖಕಿಯ ತಂಗಿ, ಕಿವುಡು, ಎಲ್ಲವನ್ನೂ. ಮೊದಲು ಗುರುತಿಸಿದವರು ಯಾರು ಎಂಬ ಜಾಗಕ್ಕೆ ಪೇಪರಿನಲ್ಲಿ ಯಾರ ಹೆಸರೂ ಇರಲಿಲ್ಲ. 'ನಮ್ಮ ಲ್ಯಾಬಿನಲ್ಲಿ ದೊರೆತ ತಳಿ' ಎಂದಷ್ಟೇ ಇತ್ತು. ದೊರೆಯಿತು, ಯಾರಿಗೆ ದೊರೆಯಿತು ಎಂದಿಲ್ಲ. ಅಂಥಲ್ಲಿ 'ತಿಳಿದಿಲ್ಲ' ಎಂದು ಬರೆಯುವುದು ವಾಡಿಕೆ. ಬರೆದೆ.

ಆ 'ತಿಳಿದಿಲ್ಲ' ಮೀನಕ್ಕನಿಗೆ ಸ್ವಲ್ಪ ಆಸೆ ಕೊಟ್ಟಿತು ಅಂತ ಕಾಣುತ್ತದೆ. ಪುಟ ಹೊರಗೆ ಬಂದ ಮೇಲೆ ಒಂದು ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಅವರೇ ಮಾತು ತೆಗೆದರು.

"ಪೇಪರಲ್ಲಿ ತನ್ನ ಹೆಸರು ಹಾಕ್ಕೊಂಡಿಲ್ಲ ನೋಡು ಅವಳು, ನಾನೇ ಕಂಡಿದ್ದು ಅಂತ. ಅಷ್ಟು ಸುಳ್ಳು ಬರೆಯೋಕೆ ಮನಸ್ಸು ಬಂದಿಲ್ಲ. ಅಲ್ವಾ?"

"ಇರ್ಬಹುದು ಅಕ್ಕ."

"ಆ ಪತ್ರ ಹೆದರಿ ಬರ್ದಿದ್ದಾಳೆ. ಕೆಲಸ ಹೋಗ್ಬಹುದು ಅಂತ ಹೆದರಿರ್ತಾಳೆ. ಒಂದಿನ ಅವಳೇ ಸರಿ ಮಾಡ್ತಾಳೆ."

ಬಸ್ಸು ಬಂತು. ಇಬ್ಬರೂ ನಿಂತೇ ಹೋದೆವು.

ಕೆಲವು ದಿನಗಳ ನಂತರ ಪಾರ್ಟ್ನರಿಂದ ನನಗೆ ಪತ್ರ ಬಂತು. ಪುಟ ನೋಡಿದ್ದರು. 'ತಿಳಿದಿಲ್ಲ' ಎಂಬುದು ತಮ್ಮ ಲ್ಯಾಬಿಗೆ ಅಗೌರವ ತರುತ್ತದೆ, ಅದನ್ನು ಸರಿಪಡಿಸಬೇಕು ಎಂದು ಕೇಳಿದ್ದರು. ನಾನು ಪತ್ರವನ್ನು ಪೂರ್ಣವಿರಾಮರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದು, ಎಲ್ಲರಿಗೂ ಬರೆಯುವಂತೆಯೇ ಅವರಿಗೂ ಉತ್ತರ ಬರೆದೆ: ಪೇಪರಿನಲ್ಲಿ ಮಾಹಿತಿ ಇಲ್ಲದ್ದರಿಂದ ಹಾಗೆ ಬರೆದಿದೆ. ಈ ತಳಿಯನ್ನು ಮೊದಲು ಗುರುತಿಸಿದವರು ಯಾರು, ಹೆಸರಿಟ್ಟವರು ಯಾರು ಎಂದು ತಾವು ಒಂದು ಸಾಲು ಬರೆದು ತಿಳಿಸಿದರೆ ತಮ್ಮ ಹೇಳಿಕೆಯಾಗಿ ಅದನ್ನು ಸೇರಿಸುತ್ತೇವೆ.

ಈ ವಿಷಯ ಮೀನಕ್ಕನಿಗೆ ಹೇಳದೆ ಇರಲು ಆಗಲಿಲ್ಲ. ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿಸಿಕೊಂಡರು. "ಒಳ್ಳೇದಾಯ್ತು. ಈಗ ಅವಳನ್ನ ಯಾರೂ ಒತ್ತಾಯ ಮಾಡ್ತಿಲ್ಲ. ನಾನು ಎದುರಿಗೆ ಇಲ್ಲ. ಅವಳು, ಅವಳ ಕಂಪ್ಯೂಟರು, ಅಷ್ಟೇ. ಏನು ಬರೀತಾಳೆ ನೋಡೋಣ."

ಉತ್ತರ ಅದೇ ಮಧ್ಯಾಹ್ನ ಬಂತು. ನಾವು ವಾರಗಟ್ಟಲೆ ಕಾದದ್ದು ಈಗ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಬಂದಿತ್ತು. ಒಂದೇ ಸಾಲು: "ಈ ತಳಿಯನ್ನು ಮೊದಲು ಗುರುತಿಸಿದವಳೂ ಹೆಸರಿಟ್ಟವಳೂ ನಾನೇ." ಕೆಳಗೆ ಪೂರ್ತಿ ಹೆಸರು, ಹುದ್ದೆ, ಸಂಸ್ಥೆ.

ಮೀನಕ್ಕ ನನ್ನ ಕುರ್ಚಿಯ ಹಿಂದೆ ನಿಂತು ಓದಿದರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ಎರಡನೆಯ ಸಲ ಓದಲೂ ಇಲ್ಲ.

"ಹಾಕು" ಎಂದರು.

"ಅಕ್ಕ, ಸಾರ್ ಹತ್ರ ಮಾತಾಡೋಣ. ನಿಮ್ಮ ಗೈಡು ಇನ್ನೂ ಇದ್ದಾರಲ್ಲ, ಅವರನ್ನ ಕೇಳೋಣ. ಆಗ ಲ್ಯಾಬಲ್ಲಿ ಇದ್ದೋರು ಬೇರೆ ಯಾರಾದ್ರೂ ಇರ್ತಾರೆ."

"ಕೇಳಿದ್ರೆ ಸಿಗುತ್ತೆ. ಯಾರಾದ್ರೂ ಹೂಂ ಅಂತಾರೆ. ಪುಟದಲ್ಲಿ ನನ್ನ ಹೆಸರೂ ಬರುತ್ತೆ." ಅವರ ದನಿ ಸಾಮಾನ್ಯವಾಗಿಯೇ ಇತ್ತು. "ನಂಗೆ ಬೇಕಾಗಿದ್ದು ಅದಲ್ಲ ಕಣೆ. ಅವಳ ಬಾಯಿಂದ ಬರ್ಬೇಕಿತ್ತು. ಇಷ್ಟು ದಿನ ಅವಳ ಪರವಾಗಿ ಒಂದೊಂದೇ ನೆಪ ಹುಡುಕಿ ಹುಡುಕಿ ಇಡ್ತಿದ್ದೆ. ನಾಚ್ಕೆ ಅಂದೆ, ಹೆದರ್ಕೆ ಅಂದೆ. ಬಾಣಂತಿ ಕೈಲಿ ಸಮಾಧಾನ ಹೇಳಿಸ್ಕೊಂಡು ಅತ್ಲಲ್ಲ, ಆ ಅಳುನಾದ್ರೂ ನಿಜ ಅಂದ್ಕೊಂಡಿದ್ದೆ. ಅದನ್ನೂ ಈಗ ನಂಬೋಕಾಗಲ್ಲ."

ನಾನು ಆ ಸಾಲನ್ನು ಪುಟಕ್ಕೆ ಹಾಕಿದೆ. ಹಾಕದೆ ಇರಲು ನನ್ನ ಬಳಿ ಕಾರಣವಿರಲಿಲ್ಲ. ಈಗಲೂ ಅದು ಅಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು.

ಮೀನಕ್ಕ ಆಮೇಲೂ ಕೆಲಸ ಬಿಡಲಿಲ್ಲ, ಹುಷಾರು ತಪ್ಪಲಿಲ್ಲ. ಹೊಸ ಪೇಪರ್ ತೆರೆದರೆ ಮೊದಲಿನ ಹಾಗೆ ಮುಂದೆ ಹೋಗಲು ಮಾತ್ರ ಆಗುತ್ತಿರಲಿಲ್ಲ. ಬೆಳಿಗ್ಗೆ ತೆರೆದ ಪೇಪರ್ ಸಂಜೆಗೂ ಅದೇ ಪುಟದಲ್ಲಿರುತ್ತಿತ್ತು. "ಇವರು ಬರ್ದಿರೋದು ಹೌದಾ ಅಂತ ಕೂತ್ಕೊಂಡುಬಿಡ್ತೀನಿ" ಎಂದು ಒಮ್ಮೆ ಹೇಳಿದರು. ನಮ್ಮ ಕೆಲಸದಲ್ಲಿ ನಾವು ಮೀನನ್ನು ನೋಡುವುದಿಲ್ಲ. ನೋಡಿದೆವು ಎಂದು ಬರೆದವರನ್ನು ನಂಬುತ್ತೇವೆ. ಆ ನಂಬಿಕೆ ಇಲ್ಲದೆ ಇಲ್ಲಿ ಒಂದು ಸಾಲನ್ನೂ ಬರೆಯಲು ಬರುವುದಿಲ್ಲ.

ಹೋದ ತಿಂಗಳು ಅವರೇ ಪೂರ್ಣವಿರಾಮರ ಬಳಿ ಹೋಗಿ ಬೇರೆ ಕೆಲಸ ಕೇಳಿ ಪಡೆದುಕೊಂಡರು. ಈಗ ಪುಟಗಳಲ್ಲಿ ಕೆಟ್ಟುಹೋದ ಕೊಂಡಿಗಳನ್ನು ಹುಡುಕಿ ಸರಿಮಾಡುತ್ತಾರೆ. ಒತ್ತಿದರೆ ತೆರೆದುಕೊಳ್ಳಬೇಕು, ಇಲ್ಲವೇ ತೆರೆದುಕೊಳ್ಳುವುದಿಲ್ಲ. ಅದರಲ್ಲಿ ಯಾರ ಮಾತನ್ನೂ ನಂಬಬೇಕಾಗಿಲ್ಲ. ಕಿವಿಯ ಜೀನುಗಳ ಪೇಪರುಗಳು ನನ್ನ ಪಾಲಿಗೆ ಬಂದಿವೆ. ಕಷ್ಟದ್ದು ಸಿಕ್ಕಾಗ ಅಭ್ಯಾಸದಿಂದ ಕುರ್ಚಿ ತಿರುಗಿಸಿ "ಅಕ್ಕ, ಇದನ್ನ ಸ್ವಲ್ಪ ನೋಡ್ತೀರಾ?" ಎಂದುಬಿಡುತ್ತೇನೆ.

"ನೀನೇ ನೋಡು" ಎನ್ನುತ್ತಾರೆ ಮೀನಕ್ಕ, ತೆರೆಯಿಂದ ಕಣ್ಣು ತೆಗೆಯದೆ. "ನಿಂಗಿನ್ನೂ ಆಗುತ್ತೆ."